ಮನೆಯಲ್ಲಿ ಮಾಡಿದ ಮೊದಲ ವೈನ್: ಚೆಲ್ಲುವ ಮೊದಲು ಹೀಗೆ ಪರೀಕ್ಷಿಸಿ

ಇಪ್ಪತ್ತೊಂದು ದಿನ ಕಾದು, ಭರಣಿಯ ಬಾಯಿ ಬಿಚ್ಚಿ, ಬಟ್ಟೆಯಲ್ಲಿ ಸೋಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡಿರಿ. ಮುಖ ಕಿವುಚಿತು. ಮೊದಲ ಸಲ ವೈನ್ ಮಾಡಿದವರಲ್ಲಿ ಬಹಳ ಜನ ಇಲ್ಲೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕೆಲವರು ಸಿಂಕಿಗೆ ಸುರಿಯುತ್ತಾರೆ, ಕೆಲವರು ಇನ್ನೂ ಅರ್ಧ ಕೆ.ಜಿ. ಸಕ್ಕರೆ ಹಾಕಿ ಸರಿ ಮಾಡಲು ಹೊರಡುತ್ತಾರೆ. ಎರಡೂ ಬೇಡ. ಸೋಸಿದ ದಿನ ವೈನ್ ಕದಡಿಕೊಂಡೇ ಇರುತ್ತದೆ, ಈಸ್ಟ್ ವಾಸನೆ ಹೊಡೆಯುತ್ತದೆ, ಗಂಟಲಲ್ಲಿ ಚುರ್ ಅನ್ನುತ್ತದೆ. ಅದು ಕೆಟ್ಟಿಲ್ಲ, ಇನ್ನೂ ಎಳಸು ಅಷ್ಟೇ. ಕೆಟ್ಟಿದ್ದು ಯಾವುದು, ಎಳಸು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಹೇಳುತ್ತಿರುವುದು ನಮ್ಮ ಕಡೆ ಕ್ರಿಸ್‌ಮಸ್‌ಗೆ ಮಾಡುವ ದ್ರಾಕ್ಷಿ ವೈನ್ ಬಗ್ಗೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಜೊತೆಗೆ ಸಣ್ಣ ಲೋಟದಲ್ಲಿ ಕೊಡುತ್ತಾರಲ್ಲ, ಅದು. ಬೆಂಗಳೂರು ಬ್ಲೂ ದ್ರಾಕ್ಷಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಬ್ರೆಡ್ ಈಸ್ಟ್, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಮನೆಮನೆಗೂ ಅಳತೆ ಬೇರೆ, ಆದರೆ ಮೂಲ ಇದೇ. ಕೊಡಗಿನಲ್ಲಿ ಶುಂಠಿ, ವೀಳ್ಯದೆಲೆ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಗಾಂಧಾರಿ ಮೆಣಸಿನಲ್ಲೂ ವೈನ್ ಮಾಡುತ್ತಾರೆ. ಅವಕ್ಕೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ. ಒಂದೇ ಎಚ್ಚರ: ಶುಂಠಿ ಅಥವಾ ಮೆಣಸಿನ ವೈನ್‌ನಲ್ಲಿ ಗಂಟಲು ಉರಿದರೆ ಅದನ್ನು ಆಲ್ಕೋಹಾಲ್‌ನ ಖಾತೆಗೆ ಹಾಕಬೇಡಿ.

ಯಾವುದಕ್ಕೆ ಹೋಲಿಸುತ್ತಿದ್ದೀರಿ?

ಅಂಗಡಿಯ ಬಾಟಲಿ ವೈನ್ ಪಕ್ಕದಲ್ಲಿಟ್ಟು ಹೋಲಿಸಿದರೆ ನಿಮ್ಮ ವೈನ್ ಸೋಲುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ. ದ್ರಾಕ್ಷಿಯೇ ಬೇರೆ. ಅಂಗಡಿಯ ಕೆಂಪು ವೈನ್ ಹೆಚ್ಚಾಗಿ ಶಿರಾಜ್, ಕ್ಯಾಬರ್ನೆ ತರಹದ ವೈನ್ ದ್ರಾಕ್ಷಿಯದ್ದು. ಬೆಂಗಳೂರು ಬ್ಲೂ ಬೇರೆಯೇ ಜಾತಿ: ದಪ್ಪ ಸಿಪ್ಪೆ, ಬೀಜ ಜಾಸ್ತಿ, ಹುಳಿ ಜಾಸ್ತಿ, ದ್ರಾಕ್ಷಿ ಜ್ಯೂಸಿನ ಆ ಗಾಢವಾದ ಪರಿಮಳ. ಆ ಜ್ಯೂಸ್ ಪರಿಮಳ ವೈನಿನಲ್ಲೂ ಉಳಿಯುತ್ತದೆ. ವಿದೇಶಿ ವೈನ್ ಪುಸ್ತಕಗಳು ಅದನ್ನು ದೋಷ ಅನ್ನಬಹುದು. ನನಗಂತೂ ಅದು ನಮ್ಮ ವೈನಿನ ಗುರುತು. ಅದಿದ್ದರೆ ಖುಷಿಪಡಿ.

ಎರಡನೆಯದು ಸಿಹಿ. "ತುಂಬಾ ಸಿಹಿಯಾಗಿದೆ, ಹುದುಗಿಲ್ಲ ಅನ್ಸುತ್ತೆ" ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಕೆ.ಜಿ. ದ್ರಾಕ್ಷಿ, ಒಂದು ಕೆ.ಜಿ. ಸಕ್ಕರೆ, ಒಂದೂವರೆ ಲೀಟರ್ ನೀರು ಹಾಕಿದಿರಿ ಅಂತಿಟ್ಟುಕೊಳ್ಳಿ. ದ್ರಾಕ್ಷಿಯ ರಸ, ನೀರು, ಕರಗಿದ ಸಕ್ಕರೆ ಎಲ್ಲ ಸೇರಿ ಸುಮಾರು 2.8 ಲೀಟರ್ ಆಗುತ್ತದೆ. ಹಣ್ಣಿನದ್ದೂ ಸೇರಿ ಸಕ್ಕರೆ ಸುಮಾರು 1,100 ಗ್ರಾಂ. ಅಂದರೆ ಲೀಟರಿಗೆ ಹತ್ತಿರ ಹತ್ತಿರ 390 ಗ್ರಾಂ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಅಷ್ಟೂ ಸಕ್ಕರೆ ಹುದುಗುವುದಾದರೆ ಶೇ. 23 ಆಗಬೇಕು, ಆದರೆ ಬ್ರೆಡ್ ಈಸ್ಟ್‌ಗೆ ಆ ತಾಕತ್ತಿಲ್ಲ, ಶೇ. 12ರ ಆಸುಪಾಸಿನಲ್ಲಿ ಸುಸ್ತಾಗಿ ನಿಲ್ಲುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಲೀಟರಿಗೆ 180 ಗ್ರಾಂಗಿಂತ ಜಾಸ್ತಿ! ಈ ಅಳತೆಯಲ್ಲಿ ಮಾಡಿದ ವೈನ್ ಸಿಹಿ ಇರಲೇಬೇಕು. ಸಿಹಿ ಇಲ್ಲದಿದ್ದರೆ ಆಶ್ಚರ್ಯಪಡಬೇಕು.

ಹಾಗಾಗಿ ಮೊದಲು ನೀವು ಹಾಕಿದ ಅಳತೆಯನ್ನು ನೋಡಿ, ಅದರಿಂದ ಎಂಥ ವೈನ್ ಬರಬೇಕಿತ್ತು ಅಂತ ಯೋಚಿಸಿ. ನಾಲಿಗೆಯ ಕೆಲಸ ಆಮೇಲೆ.

ಕಣ್ಣಲ್ಲಿ ನೋಡುವುದು

ಸೋಸುವ ಮೊದಲು ಮೇಲ್ಭಾಗವನ್ನು ಚೆನ್ನಾಗಿ ನೋಡಬೇಕು. ಹಸಿರು, ಕಪ್ಪು, ಬೂದು ಬಣ್ಣದಲ್ಲಿ ತುಪ್ಪುಳ ತುಪ್ಪುಳವಾಗಿ ಬೂಷ್ಟು ಬೆಳೆದಿದ್ದರೆ ಅಲ್ಲಿಗೆ ಮುಗಿಯಿತು. ಮೇಲಿನದ್ದು ತೆಗೆದು ಕೆಳಗಿನದ್ದು ಉಳಿಸಿಕೊಳ್ಳುತ್ತೇನೆ ಅನ್ನಬೇಡಿ. ಬೂಷ್ಟಿನ ವಿಷ ಕಣ್ಣಿಗೆ ಕಾಣುವುದಿಲ್ಲ, ಆಲ್ಕೋಹಾಲ್ ಇದೆ ಅಂತ ಅದು ಹೋಗುವುದೂ ಇಲ್ಲ. ಪೂರ್ತಿ ಚೆಲ್ಲಿ.

ಆದರೆ ಬಿಳಿಯ ತೆಳು ಪದರ ಬೇರೆ ವಿಷಯ. ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕಾಗಿ, ತುಪ್ಪುಳ ಇಲ್ಲದೆ ಇದ್ದರೆ ಅದು ಗಾಳಿ ಸಿಕ್ಕಾಗ ಮೇಲೆ ಬೆಳೆಯುವ ಒಂದು ಬಗೆಯ ಕಾಡು ಈಸ್ಟ್. ಬೇಗ ಕಣ್ಣಿಗೆ ಬಿದ್ದರೆ ಪದರವನ್ನು ನಿಧಾನಕ್ಕೆ ತೆಗೆದು, ಕೆಳಗಿನ ವೈನನ್ನು ಮೂಸಿ, ವಾಸನೆ ಚೆನ್ನಾಗಿದ್ದರೆ ಬಾಟಲಿಗೆ ಕಂಠದ ತನಕ ತುಂಬಿಡಿ. ಗಾಳಿಗೆ ಜಾಗ ಕೊಟ್ಟರೆ ಮತ್ತೆ ಬರುತ್ತದೆ.

ಮಬ್ಬಾಗಿದೆ ಅನ್ನುವುದಕ್ಕೆ ಕಾರಣ ಬೇರೆ ಬೇರೆ ಇರಬಹುದು. ಒಂದು ಬಿಳಿ ಗಾಜಿನ ಬಾಟಲಿಗೆ ಹಾಕಿ, ಅಲ್ಲಾಡಿಸದೆ ಒಂದು ವಾರ ಬಿಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಈಸ್ಟ್‌ನ ಮಬ್ಬಾದರೆ ಮೇಲಿನಿಂದ ತಿಳಿಯಾಗುತ್ತಾ ಬರುತ್ತದೆ, ಅಡಿಯಲ್ಲಿ ಗಷ್ಟು ಕೂರುತ್ತದೆ. ಬ್ರೆಡ್ ಈಸ್ಟ್‌ನ ಗಷ್ಟು ಗಟ್ಟಿಯಾಗಿ ಕೂರುವುದಿಲ್ಲ, ಬಾಟಲಿ ಸ್ವಲ್ಪ ವಾಲಿಸಿದರೂ ಹೊಗೆಯ ಹಾಗೆ ಮೇಲೇಳುತ್ತದೆ, ಅದಕ್ಕೇ ಬಗ್ಗಿಸುವ ಬದಲು ಸಣ್ಣ ಪೈಪ್‌ನಲ್ಲಿ ಮೇಲಿನಿಂದ ಎಳೆಯುವುದು ಒಳ್ಳೆಯದು. ತಿಂಗಳಾದರೂ ತಿಳಿಯಾಗದಿದ್ದರೆ ಎರಡು ಅನುಮಾನ. ದ್ರಾಕ್ಷಿಯನ್ನು ಕುದಿಸಿ ಮಾಡಿದ್ದರೆ ಹಣ್ಣಿನ ಪೆಕ್ಟಿನ್, ಅಂದರೆ ಜಾಮ್ ಗಟ್ಟಿಯಾಗಿಸುವ ಅಂಶ, ಬಿಟ್ಟುಕೊಂಡಿರುತ್ತದೆ. ಗೋಧಿ ಜಾಸ್ತಿ ಹಾಕಿದ್ದರೆ ಪಿಷ್ಟ. ಎರಡೂ ನೋಟಕ್ಕೆ ಮಾತ್ರ ಕೊರತೆ, ಕುಡಿಯಲು ತೊಂದರೆ ಇಲ್ಲ. ಮೊಟ್ಟೆಯ ಬಿಳಿ ಹಾಕಿ ತಿಳಿ ಮಾಡುವ ಹಳೆಯ ಪದ್ಧತಿ ಇದೆ, ಫ್ರಾನ್ಸಿನ ಬೋರ್ಡೋದಲ್ಲೂ ಅದನ್ನು ಬಳಸುತ್ತಾರೆ. ಹಾಕಿದರೆ ಮನೆಗೆ ಬಂದವರಿಗೆ ಮೊದಲೇ ಹೇಳಿ, ಮೊಟ್ಟೆ ತಿನ್ನದವರು, ಅಲರ್ಜಿ ಇರುವವರು ಇರುತ್ತಾರೆ.

ಬಣ್ಣ ನೇರಳೆ ಮಿಶ್ರಿತ ಕೆಂಪು ಇರಬೇಕು. ಒಂದೇ ತಿಂಗಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಗಾಳಿ ಜಾಸ್ತಿ ಸಿಕ್ಕಿದೆ ಅಂತ ಅರ್ಥ. ಆದರೆ ಸಕ್ಕರೆ ಕಂದಿಸಿ ಬಣ್ಣಕ್ಕೆ ಹಾಕಿದ್ದರೆ ಕಂದು ಬಣ್ಣವೂ ಕ್ಯಾರಮೆಲ್ ವಾಸನೆಯೂ ಅದರದ್ದೇ.

ಫ್ರಿಜ್‌ನಲ್ಲಿಟ್ಟ ಬಾಟಲಿಯ ಅಡಿಯಲ್ಲಿ ಹರಳು ಹರಳಾಗಿ ಕಂಡರೆ ಗಾಜಿನ ಚೂರು ಅಂತ ಹೆದರಬೇಡಿ. ದ್ರಾಕ್ಷಿಯ ಆಮ್ಲವೇ ತಣ್ಣಗಾದಾಗ ಹಾಗೆ ಹರಳುಗಟ್ಟುತ್ತದೆ. ಸೋಸಿದರೆ ಆಯಿತು.

ಮೂಗಿಗೆ ಜಾಸ್ತಿ ಸಮಯ ಕೊಡಿ

ನಾಲಿಗೆ ಹೇಳುವುದಕ್ಕಿಂತ ಎಷ್ಟೋ ಜಾಸ್ತಿ ಮೂಗು ಹೇಳುತ್ತದೆ. ಸೋಪಿನ ವಾಸನೆ ಇಲ್ಲದ ಗಾಜಿನ ಲೋಟಕ್ಕೆ ಕಾಲು ಭಾಗ ಮಾತ್ರ ವೈನ್ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ತಟ್ಟೆ ತೆಗೆದ ತಕ್ಷಣ ಮೂಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ವೈನ್ ಬೇಡ, ತಂಪಿನಲ್ಲಿ ವಾಸನೆ ಅಡಗಿಕೊಳ್ಳುತ್ತದೆ. ಬೆಳಗ್ಗೆ ಕಾಫಿಗೆ ಮೊದಲು ಮೂಸುವುದು ಎಲ್ಲಕ್ಕಿಂತ ಒಳ್ಳೆಯದು. ಒಗ್ಗರಣೆ ಹಾಕುತ್ತಿರುವ ಅಡುಗೆಮನೆಯಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲ ಸಲದವರು ಎಲ್ಲಕ್ಕಿಂತ ಜಾಸ್ತಿ ಎಡವುವುದು ಹುಳಿ ಮತ್ತು ವಿನೆಗರ್ ನಡುವೆ. ಹಣ್ಣಿನ ಹುಳಿ ವೈನಿಗೆ ಬೇಕೇ ಬೇಕು. ವಿನೆಗರ್ ಹುಳಿ ಮಾತ್ರ ಕೆಟ್ಟದ್ದರ ಲಕ್ಷಣ. ವ್ಯತ್ಯಾಸ ಕಲಿಯಲು ಸುಲಭದ ದಾರಿ ಇದೆ. ಎರಡು ಲೋಟ ನೀರು ತೆಗೆದುಕೊಳ್ಳಿ. ಒಂದಕ್ಕೆ ನಿಂಬೆರಸ ಹತ್ತು ಹನಿ, ಇನ್ನೊಂದಕ್ಕೆ ಅಡುಗೆಯ ವಿನೆಗರ್ ಹತ್ತು ಹನಿ, ಎರಡಕ್ಕೂ ಒಂದು ಚಮಚ ಸಕ್ಕರೆ. ಕಲಸಿ, ಮೂಸಿ, ಗುಟುಕರಿಸಿ. ನಿಂಬೆಯದ್ದು ನಾಲಿಗೆಯ ಎರಡೂ ಬದಿಯಲ್ಲಿ ಚುಳ್ ಅನ್ನುತ್ತದೆ, ಬಾಯಲ್ಲಿ ನೀರೂರುತ್ತದೆ, ಅಲ್ಲಿಗೆ ಮುಗಿಯುತ್ತದೆ. ವಿನೆಗರ್‌ನದ್ದು ಬಾಯಿಗೆ ಹೋಗುವ ಮೊದಲೇ ಮೂಗಿಗೆ ಹತ್ತುತ್ತದೆ, ನುಂಗಿದ ಮೇಲೆ ಗಂಟಲಿನ ಹಿಂದೆ ಸುಡುತ್ತದೆ. ಈಗ ನಿಮ್ಮ ವೈನ್ ಮೂಸಿ ನೋಡಿ, ಯಾವ ಲೋಟದ ಕಡೆಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಇದೊಂದನ್ನು ಮಾಡಿದ್ದರೆ ಎಷ್ಟೋ ಭರಣಿ ಒಳ್ಳೆಯ ವೈನ್ ಮೋರಿ ಸೇರುತ್ತಿರಲಿಲ್ಲ.

ವಿನೆಗರ್ ಕಡೆಗೇ ಇದ್ದರೆ ರಿಪೇರಿ ಇಲ್ಲ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣಗಳು ಅದನ್ನು ಹೊತ್ತು ತರುತ್ತವೆ. ಬಟ್ಟೆ ಸಡಿಲವಾಗಿ ಕಟ್ಟಿದ್ದರೆ, ಮೊದಲ ವಾರದ ಜೋರು ಹುದುಗು ಮುಗಿದ ಮೇಲೂ ದಿನಾ ತೆರೆದು ತಿರುವುತ್ತಿದ್ದರೆ ಅವಕಾಶ ಜಾಸ್ತಿ. ಸಕ್ಕರೆ ಹಾಕಿದರೆ ಸಿಹಿ ವಿನೆಗರ್ ಆಗುತ್ತದೆ. ಅಡುಗೆ ಸೋಡಾ ಹಾಕಿದರೆ ಉಪ್ಪುಪ್ಪು ರುಚಿ ಬಂದು ಇದ್ದದ್ದೂ ಹೋಗುತ್ತದೆ.

ಉಗುರಿನ ಬಣ್ಣ ತೆಗೆಯುವ ದ್ರವದ ಘಾಟು ಬಂದರೂ ಮೂಲ ಹೆಚ್ಚಾಗಿ ಅದೇ ಬ್ಯಾಕ್ಟೀರಿಯಾ ಅಥವಾ ಕಾಡು ಈಸ್ಟ್. ಎಲ್ಲೋ ಒಂದು ಎಳೆ ಬಂದರೆ ಕಾಯಿರಿ, ಕೆಲವೊಮ್ಮೆ ಕಡಿಮೆಯಾಗುತ್ತದೆ. ಲೋಟ ಹತ್ತಿರ ತರುವಾಗಲೇ ಹೊಡೆದರೆ ಆಸೆ ಬಿಡಿ.

ಕೊಳೆತ ಮೊಟ್ಟೆ ವಾಸನೆ ಕೇಳಲು ಭಯಂಕರ, ಆದರೆ ಅದು ಹೋಗುವಂಥದ್ದು. ಈಸ್ಟ್‌ಗೆ ಪೋಷಣೆ ಸಾಲದೆ ಕಷ್ಟಪಟ್ಟಾಗ ಗಂಧಕದ ಈ ಅನಿಲ ಬಿಡುತ್ತದೆ. ಬೇಗ ಗೊತ್ತಾದರೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸ್ವಲ್ಪ ಎತ್ತರದಿಂದ ಒಂದು ಸಲ ಸುರಿಯಿರಿ, ಗಷ್ಟಿನಿಂದ ಬೇರೆ ಮಾಡಿ. ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಬೆಳ್ಳುಳ್ಳಿ, ಈರುಳ್ಳಿ ವಾಸನೆಗೆ ತಿರುಗುತ್ತದೆ, ಆಗ ಕಷ್ಟ. ಮುಗ್ಗಲು ವಾಸನೆ, ಅಂದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯದ್ದು ಬಂದರೆ ಭರಣಿ ಅಥವಾ ಸೋಸಿದ ಬಟ್ಟೆ ಸರಿಯಾಗಿ ಒಣಗಿರಲಿಲ್ಲ ಅಂತ ಲೆಕ್ಕ. ಇದು ಹೋಗುವುದಿಲ್ಲ. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಗಾಳಿ ಜಾಸ್ತಿಯಾಗಿದೆ. ಕುಡಿಯಬಹುದು, ಆದರೆ ಇಡಬೇಡಿ, ಬೇಗ ಮುಗಿಸಿ. ಬ್ರೆಡ್ ಹಿಟ್ಟಿನ ವಾಸನೆ ಮಾತ್ರ ಏನೂ ಅಲ್ಲ, ಗಷ್ಟು ಕೂತ ಮೇಲೆ ತಾನೇ ಹೋಗುತ್ತದೆ.

ಹುದುಗುವುದು ನಿಂತಿದೆಯಾ?

ಇದು ರುಚಿಗಿಂತ ಮುಖ್ಯ, ಯಾಕೆಂದರೆ ಇದು ಗಾಜಿನ ಬಾಟಲಿ ಒಡೆಯುವ ವಿಷಯ. ಸಕ್ಕರೆ ಉಳಿದಿದೆ, ಈಸ್ಟ್ ಪೂರ್ತಿ ಸತ್ತಿಲ್ಲ, ನೀವು ಬಿರಡೆ ಬಿಗಿಯಾಗಿ ಹಾಕಿ ಬೇಸಿಗೆಯಲ್ಲಿ ಕಪಾಟಿನೊಳಗೆ ಇಟ್ಟಿದ್ದೀರಿ ಅಂದರೆ ಒಳಗೆ ಅನಿಲ ತುಂಬುತ್ತಾ ಹೋಗುತ್ತದೆ. ನಮ್ಮ ಸಿಹಿ ವೈನ್‌ಗೆ ಈ ಅಪಾಯ ಯಾವಾಗಲೂ ಇದೆ.

ಸುಲಭದ ಪರೀಕ್ಷೆ ಬಲೂನ್. ಬಾಟಲಿಯ ಬಾಯಿಗೆ ಒಂದು ಬಲೂನ್ ಸಿಕ್ಕಿಸಿ, ಮೂರು ದಿನ ನೆರಳಿನಲ್ಲಿ, ಮನೆಯ ಮಾಮೂಲಿ ಬಿಸಿಯಲ್ಲಿ ಇಡಿ. ಜೋತು ಬಿದ್ದೇ ಇದ್ದರೆ ನಿಂತಿದೆ. ಎದ್ದು ನಿಂತರೆ ಇನ್ನೂ ಹುದುಗುತ್ತಿದೆ, ಬಾಟಲಿ ಮುಚ್ಚಬೇಡಿ. ಇನ್ನೊಂದು ದಾರಿ: ಒಂದು ಸಣ್ಣ ಬಾಟಲಿಗೆ ಅರ್ಧ ವೈನ್ ಹಾಕಿ, ಹೆಬ್ಬೆರಳು ಒತ್ತಿ ಹಿಡಿದು ಜೋರಾಗಿ ಕುಲುಕಿ, ಬೆರಳು ತೆಗೆಯಿರಿ. ಬುಸ್ ಅಂದರೆ ಒಳಗೆ ಅನಿಲ ಇದೆ. ಹುದುಗು ನಿಂತ ಮೇಲೂ ಹಳೆಯ ಅನಿಲ ಕರಗಿಕೊಂಡಿರಬಹುದು, ಆದ್ದರಿಂದ ಬಲೂನ್ ಹೇಳಿದ್ದನ್ನು ಜಾಸ್ತಿ ನಂಬಿ.

ಹೈಡ್ರೋಮೀಟರ್, ಅಂದರೆ ನೀರಿಗೆ ಹೋಲಿಸಿ ದ್ರವ ಎಷ್ಟು ಸಾಂದ್ರ ಅಂತ ತೇಲುತ್ತಾ ತೋರಿಸುವ ಗಾಜಿನ ಕೊಳವೆ ಇದ್ದರೆ ಇನ್ನೂ ಒಳ್ಳೆಯದು, ದುಬಾರಿ ಏನಲ್ಲ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೂರು ನಾಲ್ಕು ದಿನದ ಅಂತರದಲ್ಲಿ ಎರಡು ಸಲ ಅಳೆದು ಅಂಕಿ ಬದಲಾಗದಿದ್ದರೆ ನಿಂತಿದೆ ಅಂತ. ವಿದೇಶಿ ಮಾರ್ಗದರ್ಶಿಗಳಲ್ಲಿ 0.995ಕ್ಕೆ ಇಳಿಯಬೇಕು ಅಂತ ಇರುತ್ತದೆ, ಅದು ಸಿಹಿ ಇಲ್ಲದ ಡ್ರೈ ವೈನಿನ ಲೆಕ್ಕ. ಮೇಲೆ ಹೇಳಿದ ಅಳತೆಯ ವೈನ್ 1.150ರ ಹತ್ತಿರ ಶುರುವಾಗಿ 1.060ರ ಆಸುಪಾಸಿನಲ್ಲಿ ನಿಂತರೆ ಸರಿಯಾಗೇ ಇದೆ. ಮೊದಲ ದಿನದ ಅಂಕಿಯಿಂದ ಕೊನೆಯ ಅಂಕಿ ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಅಂದಾಜು ಸಿಗುತ್ತದೆ. ಇಲ್ಲಿ 0.090ಕ್ಕೆ ಹತ್ತಿರ ಹತ್ತಿರ 12. ಮೊದಲ ದಿನ ಅಳೆಯದಿದ್ದರೆ ಈ ಲೆಕ್ಕ ಬರುವುದಿಲ್ಲ, ಕೊನೆಯ ಅಂಕಿಯೊಂದರಿಂದಲೇ ಆಲ್ಕೋಹಾಲ್ ಹೇಳಲು ಆಗುವುದಿಲ್ಲ.

ಮಧ್ಯದಲ್ಲೇ ನಿಂತುಬಿಟ್ಟಿದ್ದರೆ ಹೇಗೆ ಗೊತ್ತಾಗುತ್ತದೆ? ನಾಲ್ಕೈದು ದಿನಕ್ಕೇ ಗುಳ್ಳೆ ನಿಂತು, ಪಾನಕದ ಹಾಗೆ ಸಿಹಿ ಇದ್ದು, ನುಂಗಿದಾಗ ಎದೆಯಲ್ಲಿ ಬೆಚ್ಚಗೆ ಏನೂ ಆಗದಿದ್ದರೆ ಅದು ವೈನ್ ಆಗಿಲ್ಲ. ನೀರು ಬಿಸಿ ಇರುವಾಗಲೇ ಈಸ್ಟ್ ಹಾಕಿದ್ದು, ಸಕ್ಕರೆಯನ್ನೆಲ್ಲ ಒಂದೇ ಸಲ ಸುರಿದದ್ದು ಸಾಮಾನ್ಯ ಕಾರಣ. ಹೊಸ ಈಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಕ್ಕರೆಯೊಂದಿಗೆ ನೊರೆ ಬರುವ ತನಕ ಬಿಟ್ಟು, ಅದಕ್ಕೆ ಸ್ವಲ್ಪ ಸ್ವಲ್ಪವೇ ಈ ರಸ ಸೇರಿಸುತ್ತಾ ಹೋಗಿ. ರಸ ತೀರಾ ಸಿಹಿಯಿದ್ದರೆ ಕಾಯಿಸಿ ಆರಿಸಿದ ನೀರೂ ಬೆರೆಸಿ. ಬಹಳ ಸಲ ಮತ್ತೆ ಶುರುವಾಗುತ್ತದೆ.

ಈಗ ರುಚಿ

ಒಂದು ಸಣ್ಣ ಗುಟುಕು ಬಾಯಲ್ಲಿ ಎಲ್ಲ ಕಡೆ ಓಡಾಡಿಸಿ. ಸಿಹಿ ಮತ್ತು ಹುಳಿ ಒಂದನ್ನೊಂದು ಹಿಡಿದಿವೆಯಾ ಅಂತ ಮೊದಲು ನೋಡಿ. ಸಿಹಿ ಇದ್ದೂ ನುಂಗಿದ ಮೇಲೆ ಬಾಯಿ ಅಂಟಂಟಾಗದೆ ಇನ್ನೊಂದು ಗುಟುಕು ಬೇಕು ಅನ್ನಿಸಿದರೆ ಹುಳಿ ತನ್ನ ಕೆಲಸ ಮಾಡಿದೆ. ಆಮೇಲೆ ಒಗರು. ಹಲ್ಲಿನ ಒಸಡು ಎಳೆದ ಹಾಗಾಗುವುದು ಸಿಪ್ಪೆ, ಬೀಜದಿಂದ. ಮಿಕ್ಸಿಗೆ ಹಾಕಿ ಬೀಜ ಒಡೆದಿದ್ದರೆ ಒಗರಿನ ಜೊತೆ ಕಹಿಯೂ ಸೇರಿರುತ್ತದೆ. ಒಗರು ತಿಂಗಳುಗಳಲ್ಲಿ ಮೆತ್ತಗಾಗುತ್ತದೆ, ಬೀಜದ ಕಹಿ ಅಷ್ಟು ಬೇಗ ಹೋಗುವುದಿಲ್ಲ. ಲವಂಗ ಮುಂದೆ ಬಂದು ದ್ರಾಕ್ಷಿ ಹಿಂದೆ ಸರಿದಿದ್ದರೆ ಮುಂದಿನ ಸಲ ಎರಡೇ ಸಾಕು.

ರಾತ್ರಿ ಅರ್ಧ ಲೋಟ ವೈನನ್ನು ಬಟ್ಟೆ ಮುಚ್ಚಿ ಹೊರಗಿಟ್ಟು ಬೆಳಗ್ಗೆ ಮತ್ತೆ ನೋಡಿ. ಇದನ್ನು ಬಿಡಬೇಡಿ. ಬೆಳಗ್ಗೆಯೂ ಹಣ್ಣಿನ ಪರಿಮಳ ಉಳಿದಿದ್ದರೆ, ಬಣ್ಣ ಹಾಗೇ ಇದ್ದರೆ ಈ ವೈನ್ ಆರು ತಿಂಗಳು ಇಡುವಂಥದ್ದು. ಕಂದಿ ಸಪ್ಪೆಯಾಗಿದ್ದರೆ ಕ್ರಿಸ್‌ಮಸ್ ಮುಗಿಯುವುದರೊಳಗೆ ಖಾಲಿ ಮಾಡಿ.

ಎಷ್ಟು ಸ್ಟ್ರಾಂಗ್ ಅನ್ನುವುದನ್ನು ಸಿಹಿ ಮುಚ್ಚಿಹಾಕುತ್ತದೆ. ಜ್ಯೂಸಿನ ಹಾಗಿದೆ ಅಂತ ಮಕ್ಕಳಿಗೆ ಒಂದು ಲೋಟ ಕೊಡುವವರನ್ನು ನೋಡಿದ್ದೇನೆ. ಶೇ. 12 ಅಂದರೆ ಅಂಗಡಿಯ ವೈನಿನಷ್ಟೇ. ದಯವಿಟ್ಟು ಕೊಡಬೇಡಿ, ಕುಡಿದು ಗಾಡಿ ಓಡಿಸುವುದೂ ಬೇಡ.

ವಿಷ ಆಗುತ್ತದಾ ಅನ್ನುವ ಭಯ

ಕಳ್ಳಭಟ್ಟಿ ದುರಂತಗಳ ಸುದ್ದಿ ಓದಿದವರಿಗೆ ಈ ಭಯ ಸಹಜ. ಅಲ್ಲಿ ಜನ ಸಾಯುವುದು, ಕಣ್ಣು ಹೋಗುವುದು ಹೆಚ್ಚಾಗಿ ಕಾರ್ಖಾನೆಯ ಮೆಥನಾಲ್ ಬೆರೆಸಿದ್ದರಿಂದ. ಹಣ್ಣು ಹುದುಗಿದಾಗ ಮೆಥನಾಲ್ ತೀರಾ ಸ್ವಲ್ಪ ಬರುತ್ತದೆ, ಅಂಗಡಿಯ ವೈನಿನಲ್ಲೂ ಅಷ್ಟು ಇರುತ್ತದೆ. ಮನೆಯ ವೈನನ್ನು ಬಟ್ಟಿ ಇಳಿಸಲು ಮಾತ್ರ ಯಾವತ್ತೂ ಹೋಗಬೇಡಿ. ಅದು ಅಪಾಯ, ಅಪರಾಧ ಕೂಡ. ಪರವಾನಗಿ ಇಲ್ಲದೆ ವೈನ್ ಮಾರುವುದಕ್ಕೂ ಅಬಕಾರಿ ಕಾನೂನು ಬಿಡುವುದಿಲ್ಲ. ಸರಿಯಾಗಿ ಹುದುಗಿದ ವೈನಿನಲ್ಲಿ ಆಮ್ಲ, ಆಲ್ಕೋಹಾಲ್ ಎರಡೂ ಇರುವುದರಿಂದ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬದುಕುವುದಿಲ್ಲ. ಅದಕ್ಕಿಂತ ನಾನು ಜಾಸ್ತಿ ಕೇಳುವುದು ಪಾತ್ರೆಯ ಬಗ್ಗೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನಗಟ್ಟಲೆ ಇಟ್ಟಿದ್ದರೆ ಹುಳಿಗೆ ಲೋಹ ಬಿಟ್ಟಿರುತ್ತದೆ. ಅದನ್ನು ಕುಡಿಯಬೇಡಿ, ರುಚಿ ಎಷ್ಟೇ ಚೆನ್ನಾಗಿರಲಿ. ಗಾಜು ಅಥವಾ ಒಳಗೆ ಹೊಳಪು ಬಿಡದ, ಬಿರುಕಿಲ್ಲದ ಭರಣಿ ಒಳ್ಳೆಯದು.

ಇಷ್ಟೂ ಪರೀಕ್ಷೆ ದಾಟಿದರೆ ಬಾಟಲಿಗೆ ತುಂಬಿ, ಮೇಲೆ ತಾರೀಕು ಮತ್ತು ಹಾಕಿದ ಅಳತೆ ಬರೆದು ಅಂಟಿಸಿ, ಕತ್ತಲೆಯ ತಂಪು ಜಾಗದಲ್ಲಿ ಇಡಿ. ಒಂದನ್ನು ಮಾತ್ರ ಸಾಫ್ಟ್ ಡ್ರಿಂಕ್‌ನ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಉಳಿದವುಗಳ ಪಕ್ಕದಲ್ಲೇ ಇಟ್ಟು, ವಾರಕ್ಕೊಮ್ಮೆ ಒತ್ತಿ ನೋಡಿ. ಮೆತ್ತಗಿದ್ದರೆ ಚಿಂತೆ ಇಲ್ಲ. ಕಲ್ಲಿನ ಹಾಗೆ ಬಿಗಿಯಾದರೆ ಆವತ್ತೇ ಗಾಜಿನ ಬಾಟಲಿಗಳ ಬಿರಡೆ ನಿಧಾನಕ್ಕೆ ಸಡಿಲಿಸಿ, ಎಲ್ಲವನ್ನೂ ಫ್ರಿಜ್‌ಗೆ ಹಾಕಿ. ಮತ್ತೆ ರುಚಿ ನೋಡುವುದು ಒಂದು ತಿಂಗಳ ನಂತರ, ಆಮೇಲೆ ಮೂರು ತಿಂಗಳಿಗೆ. ಆಗ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ಅವರಿಗೆ ಮೊದಲೇ ಏನೂ ಹೇಳದೆ ಲೋಟ ಕೊಡಿ, ಅವರು ಹೇಳಿದ್ದನ್ನು ಆ ಅಳತೆಯ ಚೀಟಿಯ ಕೆಳಗೇ ಬರೆದಿಡಿ.